ಮಿನಿಕೋಯ್ ದ್ವೀಪದ ದೀಪಸ್ತಂಭ

ಕರಾವಳಿಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ನೆಲದ ಮೇಲೆ ನಿಂತು ಕಡಲನ್ನು ನೋಡುತ್ತಾರೆ. ಕೋಟೆ, ಬಂದರು, ಶಾಸನ, ಸುಂಕದ ಕಟ್ಟೆ ಇವೆಲ್ಲ ನೆಲದ ಮೇಲಿನ ವಸ್ತುಗಳಾದುದರಿಂದ ಈ ಕ್ರಮ ಸಹಜವೇ. ಆದರೆ ದೀಪಸ್ತಂಭವೆಂಬ ಕಟ್ಟಡವನ್ನು ಹೀಗೆ ನೋಡಿ ಅರ್ಥಮಾಡಿಕೊಳ್ಳುವುದು ಕಷ್ಟ. ಅದು ನಿಂತಿರುವುದು ನೆಲದ ಮೇಲೆ; ಅದರ ಕೆಲಸವಿರುವುದು ನೀರಿನ ಮೇಲೆ. ಅದನ್ನು ಕಟ್ಟಿದವರು, ಕಾಯ್ದವರು, ಅದರ ಬೆಳಕಿನಿಂದ ಬದುಕಿದವರು ಮತ್ತು ಅದಕ್ಕೆ ಹಣ ತೆತ್ತವರು ನಾಲ್ಕು ಬೇರೆ ಬೇರೆ ದಿಕ್ಕಿನ ಜನರಾಗಿರುವುದುಂಟು. ಅಂತಹ ಒಂದು ದೀಪಸ್ತಂಭ ಲಕ್ಷದ್ವೀಪದ ದಕ್ಷಿಣತಮ ದ್ವೀಪವಾದ ಮಿನಿಕೋಯ್‌ನಲ್ಲಿದೆ. 1885ರ ಫೆಬ್ರವರಿ ತಿಂಗಳಲ್ಲಿ ಮೊದಲು ಬೆಳಗಿದ ಈ ದೀಪ ಆ ದ್ವೀಪಸಮೂಹದಲ್ಲೆಲ್ಲ ಹಳೆಯದು. ಇದರ ವಿಷಯವಾಗಿ ನಮ್ಮ ಕಾಲೇಜುಗಳ ಪಠ್ಯಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ದೀಪವು ಅಲ್ಲಿ ಏಕೆ ಬೇಕಾಯಿತು, ಯಾರಿಗಾಗಿ ಉರಿಯಿತು, ಮತ್ತು ದೇಶವು 1947ರಲ್ಲಿ ಸ್ವತಂತ್ರವಾದರೂ ದೀಪವು 1956ರವರೆಗೆ ಏಕೆ ಪರರ ಕೈಯಲ್ಲಿ ಉಳಿಯಿತು ಎಂಬುದನ್ನು ವಿಚಾರಮಾಡಲು ಯತ್ನಿಸಿದ್ದೇವೆ.

ಮೊದಲು ಸ್ಥಳದ ಸ್ವರೂಪವನ್ನು ಮನಸ್ಸಿಗೆ ತಂದುಕೊಳ್ಳಬೇಕು. ದ್ವೀಪದ ಜನ ತಮ್ಮ ನೆಲವನ್ನು ಮಲಿಕು ಎಂದು ಕರೆಯುತ್ತಾರೆ. ಅದು ಅರ್ಧಚಂದ್ರಾಕಾರದ ಒಂದು ಹವಳದ ದ್ವೀಪ. ಉದ್ದ ಸುಮಾರು ಹತ್ತು ಕಿಲೋಮೀಟರ್, ಅಗಲ ಬಹಳ ಕಡಮೆ. ಪಶ್ಚಿಮಕ್ಕೆ ವಿಶಾಲವಾದ ಹಿನ್ನೀರಿನ ಕೊಳ, ಅದರ ಸುತ್ತ ಹವಳದ ದಿಬ್ಬದ ಬೇಲಿ. ಲಕ್ಷದ್ವೀಪದ ಉಳಿದ ದ್ವೀಪಗಳಿಗೂ ಇದಕ್ಕೂ ನಡುವೆ ಒಂಬತ್ತು ಡಿಗ್ರಿ ಕಾಲುವೆಯೆಂಬ ಅಗಲವಾದ ಕಡಲು. ದಕ್ಷಿಣಕ್ಕೆ ಮಾಲ್ಡೀವ್ಸಿನ ಉತ್ತರದ ತುದಿಗೂ ಇದಕ್ಕೂ ನಡುವೆ ಸುಮಾರು 70 ನಾವಿಕ ಮೈಲಿಗಳ ಎಂಟು ಡಿಗ್ರಿ ಕಾಲುವೆ. ಇದನ್ನು ದ್ವೀಪವಾಸಿಗಳು ಮಲಿಕು ಕಂಡು ಎನ್ನುತ್ತಾರೆ. ಇಲ್ಲಿಯ ಮಾತು ಮಲೆಯಾಳವಲ್ಲ. ಮಾಲ್ಡೀವ್ಸಿನ ದಿವೇಹಿಗೆ ಸೇರಿದ ಮಹಲ್ ಎಂಬ ನುಡಿ, ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿ. ರಾಜಕೀಯವಾಗಿ ಮಾತ್ರ ಇದು ಬಹುಕಾಲ ಕಣ್ಣಾನೂರಿನ ಅರಕ್ಕಲ್ ಮನೆತನದ ಆಲಿರಾಜರಿಗೆ ಸೇರಿತ್ತು.

ಹವಳದ ದ್ವೀಪವು ನಾವಿಕನಿಗೆ ಹೇಗೆ ಕಾಣುತ್ತದೆ, ಅಥವಾ ಹೇಗೆ ಕಾಣುವುದಿಲ್ಲ ಎಂಬುದೇ ಈ ವಿಷಯದ ಮೂಲ. ನಮ್ಮ ಕನ್ನಡ ಕರಾವಳಿಗೆ ಬರುವ ಹಡಗಿಗೆ ಎರಡು ಸಹಾಯಗಳಿವೆ. ಒಂದು, ದೂರದಿಂದಲೇ ತಲೆಯೆತ್ತಿ ನಿಲ್ಲುವ ಘಟ್ಟದ ಸಾಲು. ಇನ್ನೊಂದು, ಕ್ರಮವಾಗಿ ಆಳ ಕಡಮೆಯಾಗುತ್ತ ಬರುವ ಕಡಲ ತಳ. ಮೋಡ ಮುಸುಕಿದ ರಾತ್ರಿಯಲ್ಲಿಯೂ ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟು ಆಳವನ್ನು ಅಳೆಯುತ್ತ ಬಂದರೆ, ನೆಲ ಹತ್ತಿರವಾಗುತ್ತಿದೆಯೆಂಬುದು ಗಂಟೆಗಟ್ಟಲೆ ಮುಂಚಿತವಾಗಿ ತಿಳಿಯುತ್ತದೆ. ಮಿನಿಕೋಯ್‌ನಲ್ಲಿ ಈ ಎರಡೂ ಇಲ್ಲ. ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಮೇಲಿದೆ. ಹಗಲು ಕಾಣುವುದು ತೆಂಗಿನ ಮರಗಳ ತುದಿ, ರಾತ್ರಿ ಅದೂ ಇಲ್ಲ. ತಳದ ವಿಷಯ ಇನ್ನೂ ಅಪಾಯಕರ. ಹವಳದ ದಿಬ್ಬವು ಆಳವಾದ ಕಡಲಿನಿಂದ ಗೋಡೆಯಂತೆ ನೆಟ್ಟಗೆ ಮೇಲೇಳುತ್ತದೆ. ಒಂದು ಕ್ಷಣದ ಹಿಂದೆ ಗುಂಡಿಗೆ ತಳ ಸಿಕ್ಕಿರುವುದಿಲ್ಲ. ಮರುಕ್ಷಣದಲ್ಲಿ ಹಡಗಿನ ತಳವೇ ಹವಳಕ್ಕೆ ತಾಗಿರುತ್ತದೆ.

ಇದರ ಮೇಲೆ ದೂರದ ಲೆಕ್ಕವೂ ಸೇರುತ್ತದೆ. ಏಡನ್ನಿನಿಂದ ಸಿಂಹಳದ ಕಡೆಗೆ ಹೊರಟ ಹಡಗು ಆಫ್ರಿಕದ ಗ್ವಾರ್ಡಫುಯಿ ಭೂಶಿರವನ್ನೂ ಅದರ ಸಮೀಪದ ಸೊಕೋತ್ರ ದ್ವೀಪವನ್ನೂ ಹಿಂದೆ ಬಿಟ್ಟಮೇಲೆ ಮಿನಿಕೋಯ್‌ವರೆಗೆ ನೆಲ ಕಾಣುವುದಿಲ್ಲ. ಭೂಶಿರದಿಂದ ಇಲ್ಲಿಗೆ ಹೆಚ್ಚು ಕಡಮೆ 1,300 ನಾವಿಕ ಮೈಲಿ. ಗಂಟೆಗೆ 12 ನಾವಿಕ ಮೈಲಿ ವೇಗದ ಉಗಿಹಡಗಿಗೆ ಇದು ನಾಲ್ಕೂವರೆ ದಿನಗಳ ದಾರಿ. ನೈಋತ್ಯ ಮುಂಗಾರಿನಲ್ಲಿ ಈ ಕಡಲಿನ ಪ್ರವಾಹ ಪೂರ್ವಾಭಿಮುಖವಾಗಿಯೂ, ಈಶಾನ್ಯ ಮಾರುತದ ಕಾಲದಲ್ಲಿ ಪಶ್ಚಿಮಾಭಿಮುಖವಾಗಿಯೂ ಹರಿಯುತ್ತದೆ. ಪ್ರವಾಹದ ವೇಗ ಗಂಟೆಗೆ ಅರ್ಧ ಮೈಲಿಯೇ ಇದ್ದಿತೆಂದು ಇಟ್ಟುಕೊಂಡರೂ ನಾಲ್ಕೂವರೆ ದಿನಗಳಲ್ಲಿ ಹಡಗು ತಾನೆಣಿಸಿದ ಸ್ಥಳದಿಂದ ಐವತ್ತು ಮೈಲಿಗೂ ಮಿಕ್ಕಿ ಸರಿದಿರುತ್ತದೆ. ಆಕಾಶ ತಿಳಿಯಾಗಿದ್ದರೆ ಸೂರ್ಯನನ್ನೋ ನಕ್ಷತ್ರವನ್ನೋ ಅಳೆದು ಈ ತಪ್ಪನ್ನು ತಿದ್ದಿಕೊಳ್ಳಬಹುದು. ಮುಂಗಾರಿನಲ್ಲಿ ದಿನಗಟ್ಟಲೆ ಆಕಾಶ ತೆರೆಯುವುದಿಲ್ಲ. ಎಂಟು ಡಿಗ್ರಿ ಕಾಲುವೆಯ ಅಗಲ 70 ಮೈಲಿಯೆಂದು ಮೇಲೆ ಹೇಳಿದೆವು. ಅದರ ಉತ್ತರದ ದಡ ಮಿನಿಕೋಯ್, ದಕ್ಷಿಣದ ದಡ ಮಾಲ್ಡೀವ್ಸಿನ ಹವಳದ ಸಾಲು. ಭೂಪಟದಲ್ಲಿ ಅಗಲವಾಗಿ ಕಾಣುವ ಈ ಬಾಗಿಲನ್ನು ಕತ್ತಲೆಯಲ್ಲಿ ಹುಡುಕಬೇಕಾದ ಕಪ್ತಾನನ ಕಷ್ಟವನ್ನು ಓದುಗರು ಊಹಿಸಬಹುದು.

ಈ ಅಪಾಯ ಊಹೆಯದಾಗಿರಲಿಲ್ಲ. 1862ರ ನವೆಂಬರ್ ತಿಂಗಳಲ್ಲಿ ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪನಿಯ ‘ಕೊಲಂಬೊ’ ಎಂಬ ಟಪಾಲಿನ ಉಗಿಹಡಗು ಸಿಂಹಳದ ಕಡೆಯಿಂದ ಸೂಯೆಜ್‌ನತ್ತ ಹೋಗುತ್ತಿದ್ದಾಗ ಮಿನಿಕೋಯ್ ದಿಬ್ಬಕ್ಕೆ ಏರಿ ನಾಶವಾಯಿತು. ಪ್ರಯಾಣಿಕರು ದ್ವೀಪದಲ್ಲಿ ಇಳಿದು ಇನ್ನೊಂದು ಹಡಗು ಬರುವತನಕ ಅಲ್ಲಿಯೇ ಕಾಯಬೇಕಾಯಿತು. ಆಗಿನ್ನೂ ಸೂಯೆಜ್ ಕಾಲುವೆ ತೆರೆದಿರಲಿಲ್ಲ. ಯೂರೋಪಿನ ಪ್ರಯಾಣಿಕರು ಈಜಿಪ್ಟಿನ ನೆಲವನ್ನು ದಾಟಿ, ಸೂಯೆಜ್‌ನಲ್ಲಿ ಮತ್ತೊಂದು ಹಡಗನ್ನು ಹತ್ತುತ್ತಿದ್ದರು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 1862ರಲ್ಲಿಯೇ ಪ್ರಸಿದ್ಧ ಕಂಪನಿಯೊಂದರ ಟಪಾಲಿನ ಹಡಗು ಇಲ್ಲಿ ಒಡೆದಿರುವಾಗ, ದೀಪ ಬೆಳಗಲು ಮುಂದೆ ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಏಕೆ ಬೇಕಾಯಿತು? ಅಪಾಯವೊಂದೇ ದೀಪವನ್ನು ತರುವುದಾಗಿದ್ದರೆ ಅದು ಬಹುಬೇಗನೆ ಬರಬೇಕಾಗಿತ್ತು.

ನಮ್ಮ ಅಭಿಪ್ರಾಯದಲ್ಲಿ ಉತ್ತರವು ಹಣದ ಏರ್ಪಾಟಿನಲ್ಲಿದೆ. ಬಂದರಿನ ದೀಪವನ್ನು ಆ ಬಂದರಿನ ಆಡಳಿತವು ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತಿ ನಡೆಸಬಹುದು. ನಡುಗಡಲಿನ ದಿಬ್ಬಕ್ಕೆ ಬಂದರೆಲ್ಲಿ? ಕಣ್ಣಾನೂರಿನ ಆಲಿರಾಜರಿಗೆ ದೂರದ ಹಡಗುಗಳಿಂದ ಲಾಭವಿರಲಿಲ್ಲ. ಮದ್ರಾಸಿನ ಸರಕಾರಕ್ಕೂ ಅಷ್ಟೆ. ಆ ದಾರಿಯಲ್ಲಿ ಹೋಗುವ ಹಡಗುಗಳು ಮಲಬಾರಿನ ಬಂದರಿಗೆ ಬರುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಿದ್ದು ಲಂಡನ್ನಿನ ವ್ಯಾಪಾರ ಮಂಡಲಿ. ಬ್ರಿಟಿಷ್ ವಸಾಹತುಗಳ ಕಡಲಿನಲ್ಲಿ, ಯಾವುದೇ ಒಂದು ವಸಾಹತಿನ ಹಿತಕ್ಕಿಂತ ಹೆಚ್ಚಾಗಿ ಸಾಮ್ರಾಜ್ಯದ ಒಟ್ಟು ನೌಕಾಸಂಚಾರದ ಹಿತಕ್ಕೆ ಬೇಕಾದ ದೀಪಗಳನ್ನು ತಾನೇ ಕಟ್ಟಿಸಿ, ಅವುಗಳ ಸುಂಕವನ್ನು ಆ ಮಾರ್ಗದ ಬಂದರುಗಳಲ್ಲಿ ಎತ್ತುವ ಅಧಿಕಾರ ಹತ್ತೊಂಬತ್ತನೆಯ ಶತಮಾನದ ನೌಕಾ ಕಾನೂನುಗಳಿಂದ ಅದಕ್ಕೆ ದೊರೆತಿತ್ತು. ವೆಸ್ಟ್ ಇಂಡೀಸ್‌ನ ಬಹಾಮಾ ದ್ವೀಪಗಳ ದೀಪಗಳು ಹೀಗೆ ನಡೆದವು. ಇಂಪೀರಿಯಲ್ ಲೈಟ್‌ಹೌಸ್ ಸರ್ವಿಸ್ ಎಂಬುದು ಈ ವ್ಯವಸ್ಥೆಯ ಹೆಸರು.

ಹಿಂದೂ ಮಹಾಸಾಗರದಲ್ಲಿ ಈ ವ್ಯವಸ್ಥೆ ಮೊದಲು ಬಂದದ್ದು ಸಿಂಹಳದ ಆಗ್ನೇಯ ತೀರದ ಬಾಸೆಸ್ ದಿಬ್ಬಗಳಿಗೆ. ಅಲ್ಲಿ ಮೊದಲು ಎರಕದ ಕಬ್ಬಿಣದ ಗೋಪುರವೊಂದನ್ನು ನಿಲ್ಲಿಸುವ ಯೋಜನೆ ನಡೆದು, ಬಹಳ ಹಣ ವ್ಯಯವಾದಮೇಲೆ ಅದನ್ನು ಕೈಬಿಡಲಾಯಿತು. ಬಳಿಕ ಇಂಗ್ಲೆಂಡಿನ ಪ್ರಸಿದ್ಧ ದೀಪಸ್ತಂಭ ಇಂಜಿನಿಯರ್ ಜೇಮ್ಸ್ ಡಗ್ಲಸ್ ಅವರ ಯೋಜನೆಯಂತೆ ಕಲ್ಲಿನ ಗೋಪುರ ಎದ್ದಿತು. ಸ್ಥಳದಲ್ಲಿ ಕೆಲಸವನ್ನು ನಡೆಸಿದವರು ಅವರ ಸಹೋದರ ವಿಲಿಯಂ ಡಗ್ಲಸ್. ಗ್ರೇಟ್ ಬಾಸೆಸ್ ದೀಪ 1873ರಲ್ಲಿ, ಲಿಟ್ಲ್ ಬಾಸೆಸ್ ದೀಪ 1878ರಲ್ಲಿ ಬೆಳಗಿದವು. ಆ ಗೋಪುರದ ಗ್ರಾನೈಟ್ ಕಲ್ಲುಗಳನ್ನು ಸ್ಕಾಟ್ಲೆಂಡಿನಲ್ಲಿ ಕಡೆದು ಹಡಗಿನಲ್ಲಿ ತಂದರು. ಕಲ್ಲಿಗೆ ಬಡತನವಿಲ್ಲದ ಸಿಂಹಳಕ್ಕೆ ಸ್ಕಾಟ್ಲೆಂಡಿನ ಕಲ್ಲು ಬಂದಿತೆಂಬುದನ್ನು ಕೇಳಿ ನಗುವವರುಂಟು. ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಆ ಕಲ್ಲುಗಳನ್ನು ಕಡೆಯಬಲ್ಲ ಕಸಬುದಾರರು ಅಲ್ಲಿದ್ದರು. ಅಲೆಯ ಬಡಿತಕ್ಕೆ ನಿಲ್ಲುವುದು ಕಲ್ಲಿನ ಗಟ್ಟಿತನಕ್ಕಿಂತ ಈ ಕಚ್ಚುವಿಕೆಯಿಂದಲೇ.

ಅಷ್ಟರಲ್ಲಿ ಮಾರ್ಗವೇ ಬದಲಾಗಿತ್ತು. 1869ರ ನವೆಂಬರ್‌ನಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಾಯಿಹಡಗುಗಳು ಆಫ್ರಿಕವನ್ನು ಸುತ್ತಿ ಬರುತ್ತಿದ್ದ ವ್ಯಾಪಾರದ ಬಹುಭಾಗ ಉಗಿಹಡಗುಗಳಿಗೆ, ಕೆಂಪು ಸಮುದ್ರದ ದಾರಿಗೆ ತಿರುಗಿತು. ಕಲ್ಕತ್ತ, ರಂಗೂನ್, ಸಿಂಗಪುರ, ಚೀನ, ಆಸ್ಟ್ರೇಲಿಯ ಈ ಎಲ್ಲ ದಿಕ್ಕಿನ ಹಡಗುಗಳೂ ಏಡನ್‌ನಿಂದ ಸಿಂಹಳಕ್ಕೆ ಒಂದೇ ಗೆರೆಯಲ್ಲಿ ಬರತೊಡಗಿದವು. ಆ ಗೆರೆ ಎಂಟು ಡಿಗ್ರಿ ಕಾಲುವೆಯೊಳಗಿಂದ, ಮಿನಿಕೋಯ್‌ನ ದಕ್ಷಿಣದ ಮಗ್ಗುಲಲ್ಲಿ ಹಾದುಹೋಗುತ್ತದೆ. ಸಿಂಹಳದಲ್ಲಿಯೂ ಒಂದು ಪಲ್ಲಟವಾಯಿತು. ಹಳೆಯ ಗಾಲೆ ಬಂದರನ್ನು ಹಿಂದಿಕ್ಕಿ ಕೊಲಂಬೊ ಮುಂದೆ ಬಂದಿತು. ಕೊಲಂಬೊ ಬಂದರಿನ ಅಲೆತಡೆಯ ಅಸ್ತಿಭಾರವನ್ನು 1875ರ ಡಿಸೆಂಬರ್‌ನಲ್ಲಿ, ಮುಂದೆ ಏಳನೆಯ ಎಡ್ವರ್ಡನಾದ ವೇಲ್ಸ್ ರಾಜಕುಮಾರನು ಹಾಕಿದನು. ಆ ಮಹಾ ಕಾಮಗಾರಿ ಮುಗಿಯುವ ಹೊತ್ತಿಗೇ ಮಿನಿಕೋಯ್ ದೀಪವೂ ಬೆಳಗಿತು. ಇದು ಕಾಕತಾಳೀಯವೆಂದು ನಾವು ಭಾವಿಸುವುದಿಲ್ಲ. ಅಂದಿನ ಉಗಿಹಡಗಿಗೆ ಕಲ್ಲಿದ್ದಲು ಬೇಕು. ಕಲ್ಲಿದ್ದಲಿಗೆ ಕೊಲಂಬೊದಲ್ಲಿ ನಿಲ್ಲಬೇಕು. ನಿಂತ ಹಡಗಿನಿಂದ ಸುಂಕವನ್ನು ಎತ್ತಬಹುದು. ಸುಮಾರು 400 ನಾವಿಕ ಮೈಲಿ ದೂರದ ದಿಬ್ಬವೊಂದರ ದೀಪಕ್ಕೆ ಕೊಲಂಬೊ ಬಂದರು ಹೀಗೆ ಸುಂಕದ ಕಟ್ಟೆಯಾಗಿ ಒದಗಿತು. ಬಾಸೆಸ್ ದೀಪಗಳ ಸುಂಕದ ಕ್ರಮ ಆಗಲೇ ನಡೆಯುತ್ತಿದ್ದುದರಿಂದ ಮಿನಿಕೋಯ್ ಅದರ ಜೊತೆಗೆ ಸೇರಿತು. ಮೂರು ದೀಪಗಳೂ ಒಂದೇ ಆಡಳಿತದವಾಗಿ, ಕೊಲಂಬೊದಿಂದ ನಡೆದವು.

ಇದೇ ಮಾರ್ಗದ ಪಶ್ಚಿಮದ ತುದಿಯಲ್ಲಿರುವ ಗ್ವಾರ್ಡಫುಯಿಯನ್ನು ಹೋಲಿಕೆಗೆ ನೋಡಬಹುದು. ಅಲ್ಲಿ ಒಡೆದ ಹಡಗುಗಳು ಮಿನಿಕೋಯ್‌ಗಿಂತ ಎಷ್ಟೋ ಹೆಚ್ಚು. ಆದರೂ ಆ ಭೂಶಿರಕ್ಕೆ ದೀಪ ಬಂದದ್ದು 1924ರಲ್ಲಿ, ಇಟಲಿಯವರ ಕಾಲದಲ್ಲಿ. ನೆಲದ ಒಡೆತನ, ಖರ್ಚಿನ ಹೊಣೆ ಇವು ಇತ್ಯರ್ಥವಾಗದ ಕಡೆ ಅಪಾಯ ಎಷ್ಟಿದ್ದರೂ ದೀಪ ಬರುವುದಿಲ್ಲವೆಂಬುದಕ್ಕೆ ಇದು ಸಾಕಷ್ಟು ನಿದರ್ಶನ.

ಮಿನಿಕೋಯ್‌ನ ನೆಲದ ಒಡೆತನವೂ ಆ ವೇಳೆಗೆ ಸಡಿಲವಾಗಿತ್ತು. 1847ರ ಚಂಡಮಾರುತವು ಕೆಲವು ದ್ವೀಪಗಳನ್ನು ಹಾಳುಗೆಡವಿದ ಮೇಲೆ ಆಲಿರಾಜರ ಮನೆತನ ಸರಕಾರಕ್ಕೆ ಸಾಲಗಾರನಾಯಿತು. ಕಪ್ಪದ ಬಾಕಿಯೂ ಬೆಳೆಯಿತು. 1875ರಲ್ಲಿ ಬ್ರಿಟಿಷರು ದ್ವೀಪಗಳ ಆಡಳಿತವನ್ನು ಬಾಕಿಗಾಗಿ ವಶಕ್ಕೆ ತೆಗೆದುಕೊಂಡರು. ಆಲಿರಾಜರು ತಮ್ಮ ಹಕ್ಕುಗಳನ್ನು ಪೂರ್ತಿಯಾಗಿ ಬಿಟ್ಟುಕೊಡಲು ಒಪ್ಪಿದುದು 1905ರಲ್ಲಿ. ಅದರ ಕಾಗದಪತ್ರಗಳು ಮುಗಿಯುವಾಗ 1909 ಆಯಿತು. ಎಂದರೆ ದೀಪಸ್ತಂಭವನ್ನು ಕಟ್ಟುವಾಗ ದ್ವೀಪದ ಒಡೆಯರು ಕಣ್ಣಾನೂರಿನಲ್ಲಿ, ಆಡಳಿತ ಮಲಬಾರಿನ ಕಲೆಕ್ಟರರ ಕೈಯಲ್ಲಿ, ದೀಪದ ಯಜಮಾನರು ಲಂಡನ್ನಿನಲ್ಲಿ, ದೀಪದ ಕಚೇರಿ ಕೊಲಂಬೊದಲ್ಲಿ. ಚರಿತ್ರೆಯ ವಿದ್ಯಾರ್ಥಿಗಳು ಸಾರ್ವಭೌಮತ್ವದ ವಿಷಯವನ್ನು ಪಾಠವಾಗಿ ಓದುವಾಗ ಅದು ಅಖಂಡವಾದುದೆಂದು ಓದುತ್ತಾರೆ. ನಾಲ್ಕೂವರೆ ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ಅದು ನಾಲ್ಕು ತುಂಡಾಗಿದ್ದುದನ್ನು ಇಲ್ಲಿ ಕಾಣುತ್ತೇವೆ.

ಇನ್ನು ಕಟ್ಟಡದ ವಿಷಯ. ದ್ವೀಪದ ದಕ್ಷಿಣ ಭಾಗದಲ್ಲಿ, ಜನವಸತಿಗೆ ದೂರವಾಗಿ, ಸುಮಾರು 47 ಮೀಟರ್ ಎತ್ತರದ ದುಂಡನೆಯ ಇಟ್ಟಿಗೆಯ ಗೋಪುರವಿದು. ಹವಳದ ದ್ವೀಪದಲ್ಲಿ ಇಟ್ಟಿಗೆಗೆ ಬೇಕಾದ ಜೇಡಿಮಣ್ಣಿಲ್ಲ. ಗಟ್ಟಿ ಕಲ್ಲೂ ಇಲ್ಲ. ಆದುದರಿಂದ ಪ್ರತಿಯೊಂದು ಇಟ್ಟಿಗೆಯೂ ಹೊರಗಿನಿಂದ ಹಡಗಿನಲ್ಲಿ ಬಂದು, ದಿಬ್ಬವನ್ನು ದಾಟಿ ಇಳಿಯಬೇಕಾಗಿತ್ತು. ಇಷ್ಟು ಎತ್ತರ ಏಕೆಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ವಿವರಿಸಬಹುದು. ಭೂಮಿಯ ಮೈ ಬಾಗಿರುವುದರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ದಿಗಂತದ ಕೆಳಗೆ ಇಳಿದಮೇಲೆ ಅದು ಕಾಣುವುದಿಲ್ಲ. ದೀಪದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 2.08ರಿಂದ ಗುಣಿಸಿದರೆ ಅದರ ದಿಗಂತದ ದೂರ ನಾವಿಕ ಮೈಲಿಗಳಲ್ಲಿ ಬರುತ್ತದೆ. ನೋಡುವವನ ಕಣ್ಣಿನ ಎತ್ತರಕ್ಕೂ ಹೀಗೆಯೇ ಮಾಡಿ ಎರಡನ್ನೂ ಕೂಡಿಸಬೇಕು. ದೀಪ ಸಮುದ್ರಮಟ್ಟದಿಂದ 50 ಮೀಟರ್, ಹಡಗಿನ ಅಟ್ಟಣೆಯ ಮೇಲೆ ನಿಂತವನ ಕಣ್ಣು 9 ಮೀಟರ್ ಎತ್ತರದಲ್ಲಿವೆಯೆಂದುಕೊಂಡರೆ ಒಟ್ಟು ದೂರ ಸುಮಾರು 21 ನಾವಿಕ ಮೈಲಿ. ಅದೇ ದೀಪವನ್ನು ಕೇವಲ 10 ಮೀಟರ್ ಎತ್ತರದಲ್ಲಿ ಇಟ್ಟಿದ್ದರೆ ಸುಮಾರು 13 ಮೈಲಿ. ಗಂಟೆಗೆ 12 ಮೈಲಿ ಓಡುವ ಹಡಗಿಗೆ ಈ ಎರಡರ ನಡುವಿನ ಅಂತರ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಮೆ. ಕಪ್ತಾನನನ್ನು ಎಬ್ಬಿಸಿ, ಭೂಪಟ ನೋಡಿ, ಚುಕ್ಕಾಣಿ ತಿರುಗಿಸಲು ದೊರೆಯುವ ಸಮಯವದು. ನಮ್ಮ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭಕ್ಕೆ ಕಡಲ ಅಂಚಿನ ಬಂಡೆಯೇ ಪೀಠವಾಗಿ ದೊರೆಯಿತು. ಮಿನಿಕೋಯ್‌ನಲ್ಲಿ ಪ್ರಕೃತಿ ಕೊಡದ ಬೆಟ್ಟವನ್ನು ಇಟ್ಟಿಗೆಯಿಂದಲೇ ಕಟ್ಟಬೇಕಾಯಿತು.

ಬೆಳಕಿನ ಯಂತ್ರವನ್ನು ಕುರಿತು ಎರಡು ಮಾತು ಸಾಕು. ದೀಪವೆಂಬುದು ಎಲ್ಲ ದಿಕ್ಕಿಗೂ ಬೆಳಕನ್ನು ಚೆಲ್ಲುತ್ತದೆ. ಆಕಾಶಕ್ಕೂ ನೆಲಕ್ಕೂ ಹೋಗುವ ಬೆಳಕು ನಾವಿಕನಿಗೆ ವ್ಯರ್ಥ. ಫ್ರಾನ್ಸಿನ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 1820ರ ದಶಕದ ಆರಂಭದಲ್ಲಿ ಗಾಜಿನ ಉಂಗುರಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ಚೆಲ್ಲಿಹೋಗುವ ಬೆಳಕನ್ನು ಬಾಗಿಸಿ ದಿಗಂತದ ಕಡೆಗೆ ಕಳುಹಿಸುವ ಮಸೂರವನ್ನು ರಚಿಸಿದನು. ಹತ್ತೊಂಬತ್ತನೆಯ ಶತಮಾನದ ದೊಡ್ಡ ದೀಪಗಳೆಲ್ಲ ಈ ತತ್ತ್ವದವು. ಎಣ್ಣೆಯ ಬತ್ತಿಯೊಂದರ ಬೆಳಕು ಇಪ್ಪತ್ತು ಮೈಲಿ ಕಾಣುವುದು ಎಣ್ಣೆಯ ಮಹಿಮೆಯಲ್ಲ, ಗಾಜಿನದು. ಆ ಕಾಲದ ದೀಪಪಾಲಕರ ರಾತ್ರಿ ಈ ಗಾಜಿನ ಸೇವೆಯಲ್ಲಿಯೇ ಕಳೆಯುತ್ತಿತ್ತು. ಬತ್ತಿಯ ಕರಿ ತೆಗೆಯಬೇಕು. ಮಸೂರ ತಿರುಗುವ ದೀಪಗಳಲ್ಲಿ ತೂಕದ ಗುಂಡು ಇಳಿದಂತೆಲ್ಲ ಗಡಿಯಾರದ ಯಂತ್ರಕ್ಕೆ ಮತ್ತೆ ಮತ್ತೆ ಕೀಲಿ ಕೊಡಬೇಕು. ಬೆಳಗಾದಮೇಲೆ ಗಾಜಿನ ಮೇಲೆ ಕುಳಿತ ಮಸಿಯನ್ನೂ ಉಪ್ಪಿನ ಪದರವನ್ನೂ ಒರಸಬೇಕು. ಮಳೆಗಾಲದಲ್ಲಿ ಹೊರಗಿನ ಹಡಗು ಬರುವುದು ದುರ್ಲಭವಾದ ದ್ವೀಪದಲ್ಲಿ ಎಣ್ಣೆ, ಅಕ್ಕಿ ಎರಡನ್ನೂ ತಿಂಗಳುಗಳಿಗೆ ಮೊದಲೇ ಶೇಖರಿಸಬೇಕು. ಈ ಕೆಲಸದಲ್ಲಿ ವೀರಗಾಥೆಯೇನೂ ಇಲ್ಲ. ಒಂದು ರಾತ್ರಿಯೂ ತಪ್ಪಬಾರದೆಂಬ ಕಟ್ಟುಪಾಡು ಮಾತ್ರ ಇದೆ.

ದ್ವೀಪದ ಜನರಿಗೂ ಈ ದೀಪಕ್ಕೂ ಸಂಬಂಧವೇನು? ಮಿನಿಕೋಯ್‌ನವರು ಹುಟ್ಟು ನಾವಿಕರು. ತಮ್ಮ ಓಡಗಳಲ್ಲಿ ಒಣಗಿಸಿದ ಮೀನು ಮತ್ತು ತೆಂಗಿನ ಸರಕನ್ನು ಹೇರಿಕೊಂಡು ಸಿಂಹಳ, ಬಂಗಾಳ, ಬರ್ಮಗಳವರೆಗೆ ಹೋಗಿ ಬರುತ್ತಿದ್ದವರು. ಉಗಿಹಡಗುಗಳ ಯುಗ ಬಂದಮೇಲೆ ಇಲ್ಲಿಯ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಪರದೇಶದ ಹಡಗುಗಳಲ್ಲಿ ಖಲಾಸಿಗಳಾಗಿ ಸೇರಿದರು. ಈ ವೃತ್ತಿ ಇಂದಿಗೂ ಅಲ್ಲಿ ನಿಂತಿಲ್ಲ. ಊರಿನಲ್ಲಿ ಉಳಿದು ಗ್ರಾಮದ ಕೆಲಸಗಳನ್ನು ಸಾಗಿಸುವುದರಲ್ಲಿ ಹೆಂಗಸರ ಪಾಲು ದೊಡ್ಡದು. 1899ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞ ಜೆ. ಸ್ಟಾನ್ಲಿ ಗಾರ್ಡಿನರ್ ಹವಳದ ದಿಬ್ಬಗಳ ಅಧ್ಯಯನಕ್ಕಾಗಿ ಇಲ್ಲಿ ತಂಗಿ, ಜನಜೀವನವನ್ನೂ ಕುರಿತು ಬರೆದರು. ಹೊರಗಿನವರು ಈ ದ್ವೀಪವನ್ನು ದೀಪದ ಬುಡವೆಂದಲ್ಲದೆ ಜನ ಬಾಳುವ ನೆಲವೆಂದು ಗಮನಿಸಿದ ಮೊದಲ ಬರಹಗಳಲ್ಲಿ ಅದು ಒಂದು. ತಾವು ಬೆಳೆದ ಊರಿನ ದೀಪವನ್ನು ಪರದೇಶದ ಹಡಗಿನ ಅಟ್ಟಣೆಯಿಂದ, ನಿಲ್ಲದೆ ಹಾದುಹೋಗುವಾಗ ನೋಡಬೇಕಾದ ಜನ ಇವರು. ದೀಪವಿದ್ದ ಮಾತ್ರಕ್ಕೆ ಹಡಗು ಅಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲದೆ ಸುರಕ್ಷಿತವಾಗಿ ಸಾಗಲೆಂದೇ ದೀಪವನ್ನಿಟ್ಟದ್ದು.

ನಮ್ಮ ಕರಾವಳಿಗೂ ದ್ವೀಪಗಳಿಗೂ ಇದ್ದ ಸಂಬಂಧವನ್ನು ಇಲ್ಲಿಯೇ ಪ್ರಸ್ತಾಪಿಸುವುದು ಉಚಿತ. ಲಕ್ಷದ್ವೀಪದ ಉತ್ತರದ ಗುಂಪಾದ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್ ಮತ್ತು ಬಿತ್ರ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಣ್ಣಾನೂರಿನ ಆಳ್ವಿಕೆಗೆ ಬೇಸತ್ತು ಟಿಪ್ಪು ಸುಲ್ತಾನನನ್ನು ಆಶ್ರಯಿಸಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅವು ಕಂಪನಿಯ ವಶಕ್ಕೆ ಬಂದು ಕೆನರಾ ಜಿಲ್ಲೆಗೆ, ಅದು ಇಬ್ಭಾಗವಾದಮೇಲೆ ದಕ್ಷಿಣ ಕನ್ನಡಕ್ಕೆ ಸೇರಿದವು. 1956ರವರೆಗೂ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ದ್ವೀಪದ ತೆಂಗಿನ ನಾರು ಮಂಗಳೂರಿಗೆ, ಮಂಗಳೂರಿನ ಅಕ್ಕಿ ದ್ವೀಪಕ್ಕೆ ಎಂಬ ವಿನಿಮಯ ತಲೆಮಾರುಗಳವರೆಗೆ ನಡೆಯಿತು. ದಕ್ಷಿಣದ ಗುಂಪೂ ಮಿನಿಕೋಯ್‌ಯೂ ಮಲಬಾರಿನವು. ನಾರು ಹೇರಿಕೊಂಡು ಅಮೀನಿಯಿಂದ ಮಂಗಳೂರಿಗೆ ಬರುತ್ತಿದ್ದ ಓಡಗಳಿಗೆ ಮಿನಿಕೋಯ್ ದೀಪದಿಂದ ಪ್ರಯೋಜನವಾಯಿತೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಅಮೀನಿ ಮಿನಿಕೋಯ್‌ಗೆ ಸುಮಾರು 170 ನಾವಿಕ ಮೈಲಿ ಉತ್ತರಕ್ಕಿದೆ. ದೀಪದ ಬೆಳಕಿನ ವೃತ್ತ ಇಪ್ಪತ್ತು ಮೈಲಿಗೆ ಮುಗಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಮಹಾದೀಪವೊಂದು ದ್ವೀಪಸಮೂಹದ ತುದಿಯಲ್ಲಿ ಉರಿಯುತ್ತಿದ್ದಾಗಲೇ ದ್ವೀಪದವರ ಸ್ವಂತ ವ್ಯಾಪಾರದ ದಾರಿ ಕತ್ತಲೆಯಲ್ಲಿತ್ತು. ಇಂದು ಮಂಗಳೂರಿಗೂ ಮಿನಿಕೋಯ್‌ಗೂ ಇರುವ ನಂಟು ಹವಾಮಾನ ಇಲಾಖೆಯದು. ಕೇರಳಕ್ಕೆ ಮುಂಗಾರು ಬಂದಿತೆಂದು ಸಾರುವ ಮೊದಲು ಇಲಾಖೆ ಮಳೆಯನ್ನು ಪರಿಶೀಲಿಸುವ ಹದಿನಾಲ್ಕು ಕೇಂದ್ರಗಳ ಪಟ್ಟಿ ಮಿನಿಕೋಯ್‌ನಿಂದ ಮೊದಲಾಗಿ ಮಂಗಳೂರಿನಲ್ಲಿ ಮುಗಿಯುತ್ತದೆ.

ಸ್ವಾತಂತ್ರ್ಯದ ಕಾಲದ ಪ್ರಸಂಗವೇ ಈ ಚರಿತ್ರೆಯಲ್ಲಿ ಹೆಚ್ಚು ವಿಚಾರಾರ್ಹವಾದುದು. ಭಾರತದ ಇತರ ದೀಪಗಳು ಮೊದಲು ಪ್ರಾಂತ ಸರಕಾರಗಳ ಮತ್ತು ಬಂದರುಗಳ ಕೈಯಲ್ಲಿದ್ದು, 1927ರ ಭಾರತೀಯ ದೀಪಸ್ತಂಭ ಕಾನೂನಿನ ಮೇರೆಗೆ ಮುಖ್ಯ ದೀಪಗಳು ಕೇಂದ್ರದ ಆಡಳಿತಕ್ಕೆ ಬಂದವು. ಮಿನಿಕೋಯ್ ಈ ಏರ್ಪಾಟಿನ ಹೊರಗೆ, ಕೊಲಂಬೊ ಕಚೇರಿಯ ಕೆಳಗೆ ಉಳಿಯಿತು. 1947ರ ಆಗಸ್ಟ್‌ನಲ್ಲಿ ಭಾರತ ಸ್ವತಂತ್ರವಾಯಿತು. 1948ರ ಫೆಬ್ರವರಿಯಲ್ಲಿ ಸಿಂಹಳವೂ ಆಯಿತು. ದ್ವೀಪದ ನೆಲ ಮದ್ರಾಸ್ ಪ್ರಾಂತದ್ದಾಗಿ ಭಾರತಕ್ಕೆ ಸೇರಿತು. ದೀಪ ಮಾತ್ರ ಲಂಡನ್ನಿನ ಇಲಾಖೆಯದಾಗಿಯೇ, ಇನ್ನೊಂದು ಸ್ವತಂತ್ರ ದೇಶದ ರಾಜಧಾನಿಯಿಂದ ನಡೆಯುತ್ತಿತ್ತು. ಇದನ್ನು ಆಡಳಿತದ ಮರೆವೆಂದು ತಳ್ಳಿಹಾಕುವುದು ಸುಲಭ. ಆದರೆ ಮರೆವಿನಿಂದ ದೀಪ ಉರಿಯುವುದಿಲ್ಲ. ಎಣ್ಣೆ, ಸಂಬಳ, ದುರಸ್ತಿ ಎಲ್ಲಕ್ಕೂ ಹಣ ಆ ಮಾರ್ಗದ ಸುಂಕದ ನಿಧಿಯಿಂದ ಬರುತ್ತಿತ್ತು. ನೆಲವನ್ನು ಒಂದು ಮಧ್ಯರಾತ್ರಿಯಲ್ಲಿ ಹಸ್ತಾಂತರಿಸಬಹುದು. ಹಲವು ದೇಶಗಳ ಹಡಗುಗಳು ತೆರುವ ಸುಂಕದ ಲೆಕ್ಕವನ್ನು ಹಾಗೆ ಹಂಚಲಾಗುವುದಿಲ್ಲ. 1956ರಲ್ಲಿ ಭಾರತ ಸರಕಾರವು ದೀಪಸ್ತಂಭವನ್ನು ವಹಿಸಿಕೊಂಡಿತು. ಅದೇ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೆ, ಮಂಗಳೂರಿನ ಕೆಳಗಿದ್ದ ಉತ್ತರದ ದ್ವೀಪಗಳೂ ಮಲಬಾರಿನ ಕೆಳಗಿದ್ದ ದಕ್ಷಿಣದವೂ ಮಿನಿಕೋಯ್‌ಯೂ ಒಂದೇ ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಅದಕ್ಕೆ ಲಕ್ಷದ್ವೀಪವೆಂಬ ಹೆಸರಾಯಿತು. ದೀಪ ಮತ್ತು ದ್ವೀಪ ಒಂದೇ ಸರಕಾರದ ಕೈಗೆ ಬಂದದ್ದು ಎಪ್ಪತ್ತೊಂದು ವರ್ಷಗಳ ಬಳಿಕ. ಎಂಟು ಡಿಗ್ರಿ ಕಾಲುವೆಯ ನಡುವೆ ಭಾರತ ಮಾಲ್ಡೀವ್ಸ್‌ಗಳ ಕಡಲ ಗಡಿ ಒಪ್ಪಂದದಿಂದ ನಿಶ್ಚಯವಾದದ್ದು 1976ರಲ್ಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ದೀಪಸ್ತಂಭವು ಬೇರೊಂದು ಕಾರಣದಿಂದ ಪರಿಚಿತ. ದೀಪದ ಉಪಯೋಗ ಪಡೆದು ಹಾದುಹೋಗುವ ಹಡಗಿನಿಂದ ಹಣ ಕೇಳುವುದು ಅಸಾಧ್ಯ. ಆದುದರಿಂದ ಯಾವ ವ್ಯಾಪಾರಿಯೂ ಲಾಭಕ್ಕಾಗಿ ದೀಪ ಕಟ್ಟಲಾರನು, ಅದು ಸರಕಾರದ ಕೆಲಸ ಎಂದು ಜಾನ್ ಸ್ಟೂಅರ್ಟ್ ಮಿಲ್ 1848ರಲ್ಲಿ ಪ್ರಕಟವಾದ ತನ್ನ ಅರ್ಥಶಾಸ್ತ್ರದ ಗ್ರಂಥದಲ್ಲಿ ವಾದಿಸಿದನು. ಇಂಗ್ಲೆಂಡಿನಲ್ಲಿ ಬಂದರಿನ ಸುಂಕದ ಮೂಲಕ ಖಾಸಗಿಯವರೂ ದೀಪಗಳನ್ನು ನಡೆಸಿದ್ದರೆಂದು 1974ರಲ್ಲಿ ರೊನಾಲ್ಡ್ ಕೋಸ್ ತೋರಿಸಿ ಈ ಮಾತನ್ನು ಪ್ರಶ್ನಿಸಿದರು. ಇಬ್ಬರ ವಾದಕ್ಕೂ ಮಿನಿಕೋಯ್ ಒಳ್ಳೆಯ ಪರೀಕ್ಷೆ. ಕಲ್ಲಿದ್ದಲಿನ ಯುಗದಲ್ಲಿ ಹಡಗುಗಳು ಕೊಲಂಬೊದಲ್ಲಿ ನಿಲ್ಲಲೇಬೇಕಾಗಿದ್ದುದರಿಂದ ಕೋಸ್ ಹೇಳಿದ ಕ್ರಮ ಸಾಧ್ಯವಾಯಿತು. ತೈಲದಿಂದ ಓಡುವ ದೊಡ್ಡ ಹಡಗುಗಳು ಬಂದಮೇಲೆ ಆ ಬಲಾತ್ಕಾರದ ನಿಲುಗಡೆ ತಪ್ಪಿತು. ಭಾರತವು ದೀಪವನ್ನು ವಹಿಸಿಕೊಂಡಾಗ ಅದರ ಜೊತೆಗೆ ಈ ತೊಡಕನ್ನೂ ವಹಿಸಿಕೊಂಡಿತು. 1927ರ ಕಾನೂನಿನ ಸ್ಥಾನದಲ್ಲಿ 2021ರಲ್ಲಿ ಹೊಸ ಕಾನೂನು ಬಂದಿದೆ. ಎರಡರಲ್ಲಿಯೂ ಸುಂಕ ತೆರಬೇಕಾದವು ಭಾರತದ ಬಂದರಿಗೆ ಬರುವ, ಅಲ್ಲಿಂದ ಹೊರಡುವ ಹಡಗುಗಳು ಮಾತ್ರ. ಏಡನ್ ಕೊಲ್ಲಿಯಿಂದ ಸಿಂಗಪುರಕ್ಕೆ ನೇರವಾಗಿ ಸಾಗುವ ಹಡಗು ಮಲಿಕು ಕಂಡುವಿನಲ್ಲಿ ರಾತ್ರಿ ಈ ದೀಪವನ್ನು ಎಡಗಡೆಗೆ ಕಂಡು, ತನ್ನ ಸ್ಥಾನವನ್ನು ಭೂಪಟದಲ್ಲಿ ಗುರುತಿಸಿಕೊಂಡು, ಯಾವ ಬಂದರಿಗೂ ಏನನ್ನೂ ತೆರದೆ ಮುಂದೆ ಹೋಗುತ್ತದೆ.